ತಾನೇ ಬರೆದುಕೊಂಡ ನಡತೆಯ ಪತ್ರ

ನಮ್ಮ ಸಂಘದ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಮಿತ್ರರೊಬ್ಬರು, ಈಗಿನ ದೊಡ್ಡ ಕಂಪೆನಿಗಳು ವರ್ಷಕ್ಕೊಮ್ಮೆ ಹೊರಡಿಸುವ ಸುಸ್ಥಿರತೆಯ ವರದಿಗಳನ್ನು ಕುರಿತು ಬಹಳ ಆದರದಿಂದ ಬರೆದಿದ್ದರು. ಕಲ್ಲಿದ್ದಲು, ಎಣ್ಣೆ, ವಿದ್ಯುತ್ತು ಇವುಗಳ ವ್ಯಾಪಾರದಲ್ಲಿರುವ ಕಂಪೆನಿಗಳು ಸಹ ತಾವು ಎಷ್ಟು ಹೊಗೆ ಬಿಟ್ಟೆವು, ಎಷ್ಟು ನೀರು ಬಳಸಿದೆವು, ಎಷ್ಟು ಸಸಿ ನೆಟ್ಟೆವು, ಲಂಚವನ್ನು ತಡೆಯುವುದಕ್ಕೆ ಏನು ಮಾಡಿದೆವು ಎಂಬುದನ್ನೆಲ್ಲ ತಾವಾಗಿಯೇ ಲೋಕಕ್ಕೆ ತಿಳಿಸುತ್ತಿರುವುದು ವ್ಯಾಪಾರಧರ್ಮದಲ್ಲಿ ಹೊಸದೊಂದು ಯುಗದ ಆರಂಭವೆಂದು ಅವರ ಅಭಿಪ್ರಾಯ. ಮಿತ್ರರ ಸದಾಶಯದಲ್ಲಿ ನನಗೆ ಸಂದೇಹವಿಲ್ಲ. ಅವರ ಸಿದ್ಧಾಂತವನ್ನು ಮಾತ್ರ ನಾನು ಒಪ್ಪಲಾರೆ. ಹೊಗೆಯ ಲೆಕ್ಕಕ್ಕೂ ಲಂಚದ ಲೆಕ್ಕಕ್ಕೂ ಇರುವ ಭೇದವನ್ನು ಅವರು ಗಮನಿಸಿದಂತೆ ತೋರುವುದಿಲ್ಲ. ಹೊಗೆಯು ಕೊಳವೆಯಿಂದ ಹೊರಕ್ಕೆ ಬರತಕ್ಕದ್ದು. ಕಂಪೆನಿಯವನು ಸುಳ್ಳು ಹೇಳಿದರೆ ಪಕ್ಕದ ಊರಿನವನು ಯಂತ್ರವಿಟ್ಟು ಅಳೆದು ತೋರಿಸಬಹುದು. ಲಂಚವಾದರೋ ಯಾರ ಕಣ್ಣಿಗೂ ಬೀಳದಿರುವುದೇ ತನ್ನ ಸ್ವಭಾವವಾಗಿ ಉಳ್ಳದ್ದು. ಇವೆರಡನ್ನೂ ಒಂದೇ ರಟ್ಟಿನೊಳಗೆ ಕಟ್ಟಿ, ಒಂದೇ ಬಗೆಯ ಕೋಷ್ಟಕಗಳಲ್ಲಿ ಇಳಿಸಿ, 'ಸಾಧನೆ' ಎಂಬ ಒಂದೇ ಹೆಸರಿನಿಂದ ಕರೆದರೆ ಮೊದಲನೆಯದರ ಮೇಲಿರುವ ನಂಬಿಕೆ ಎರಡನೆಯದಕ್ಕೂ ಅಂಟಿಕೊಳ್ಳುತ್ತದೆ. ಅನರ್ಥದ ಮೂಲ ಇದೇ.

ಮಾತನ್ನು ಬರಿಯ ತರ್ಕದಲ್ಲಿ ಬಿಡದೆ ದೃಷ್ಟಾಂತಕ್ಕೆ ಬರುತ್ತೇನೆ. ಬ್ರೆಜಿಲ್ ದೇಶದಲ್ಲಿ ಪೆಟ್ರೋಬ್ರಾಸ್ ಎಂಬ ಎಣ್ಣೆಯ ಕಂಪೆನಿಯುಂಟು. 1953ರಲ್ಲಿ, ಭೂಮಿಯೊಳಗಿನ ಎಣ್ಣೆಯು ಪ್ರಜೆಗಳ ಸ್ವತ್ತೆಂಬ ದೊಡ್ಡ ಚಳವಳಿಯ ಫಲವಾಗಿ ಹುಟ್ಟಿದ ಸಂಸ್ಥೆ ಅದು. ಅದರ ಆಡಳಿತದ ಹಿಡಿತ ಇಂದಿಗೂ ಅಲ್ಲಿನ ಸರ್ಕಾರದ್ದೇ. ಈ ಕಂಪೆನಿಯು 2003ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿರುವ 'ಜಾಗತಿಕ ಒಡಂಬಡಿಕೆ'ಗೆ ಸೇರಿತು. ಆ ಒಡಂಬಡಿಕೆಯಲ್ಲಿ ಮೊದಲು ಒಂಬತ್ತು ತತ್ತ್ವಗಳಿದ್ದುವು; ಲಂಚ ಮೊದಲಾದ ಭ್ರಷ್ಟತೆಯ ವಿರುದ್ಧ ನಿಲ್ಲತಕ್ಕದ್ದೆಂಬ ಹತ್ತನೆಯ ತತ್ತ್ವವನ್ನು 2004ರ ಜೂನ್ ತಿಂಗಳಲ್ಲಿ ಸೇರಿಸಿದರು. 2006ರಿಂದ ಪೆಟ್ರೋಬ್ರಾಸ್ ಡೌ ಜೋನ್ಸ್ ಸಂಸ್ಥೆಯವರ ಸುಸ್ಥಿರತಾ ಸೂಚ್ಯಂಕದಲ್ಲಿಯೂ ಸ್ಥಾನ ಪಡೆಯಿತು. ವರ್ಷ ವರ್ಷವೂ ವರದಿ ಹೊರಟಿತು. ನೀತಿಸಂಹಿತೆ ಇತ್ತು, ದೂರು ಕೇಳುವ ಕಛೇರಿ ಇತ್ತು.

ಅದೇ ಅವಧಿಯಲ್ಲಿ ಒಳಗೆ ನಡೆಯುತ್ತಿದ್ದುದೇನು? ದೊಡ್ಡ ಗುತ್ತಿಗೆದಾರರು ಒಂದು ಕೂಟ ಕಟ್ಟಿಕೊಂಡು, ಯಾವ ಕಾಮಗಾರಿ ಯಾರಿಗೆಂದು ತಮ್ಮಲ್ಲೇ ಹಂಚಿಕೊಂಡು, ಟೆಂಡರನ್ನು ಬರಿಯ ನಾಟಕವಾಗಿ ಆಡಿ, ಗುತ್ತಿಗೆಯ ಮೊತ್ತದಲ್ಲಿ ಶೇಕಡಾ ಒಂದರಿಂದ ಮೂರರವರೆಗೆ ಕಂಪೆನಿಯ ಅಧಿಕಾರಿಗಳಿಗೂ ರಾಜಕೀಯ ಪಕ್ಷಗಳಿಗೂ ಸಲ್ಲಿಸುತ್ತಿದ್ದರು. 2014ರ ಮಾರ್ಚ್ ತಿಂಗಳಲ್ಲಿ, ರಾಜಧಾನಿಯ ಒಂದು ಪೆಟ್ರೋಲ್ ಬಂಕನ್ನು ಆಶ್ರಯಿಸಿ ಕಳ್ಳಹಣ ಸಾಗಿಸುತ್ತಿದ್ದ ದಲ್ಲಾಳಿಗಳನ್ನು ಪೊಲೀಸಿನವರು ಹಿಡಿದರು. ಆ ದಲ್ಲಾಳಿಗಳಲ್ಲೊಬ್ಬನು ಕಂಪೆನಿಯ ಮಾಜಿ ನಿರ್ದೇಶಕನಾದ ಪಾವ್ಲೊ ರೊಬೆರ್ಟೊ ಕೋಸ್ಟ ಎಂಬವನಿಗೆ ಬೆಲೆಬಾಳುವ ಮೋಟಾರುಗಾಡಿಯೊಂದನ್ನು ಕೊಡಿಸಿದ್ದನೆಂಬ ಸುಳಿವು ಸಿಕ್ಕಿತು. ಅಲ್ಲಿಂದ ಎಳೆ ಎಳೆಯಾಗಿ ಎಲ್ಲವೂ ಬಿಚ್ಚಿಕೊಂಡಿತು. ಪೆಡ್ರೊ ಬರುಸ್ಕೊ ಎಂಬ ಅಧಿಕಾರಿ, ನಿರ್ದೇಶಕನೂ ಅಲ್ಲ, ಅವನಿಗಿಂತ ಕೆಳಗಿನವನು, ತಾನು ಹಿಂದಿರುಗಿಸುವೆನೆಂದು ಒಪ್ಪಿಕೊಂಡ ಹಣವೇ ಸುಮಾರು 10 ಕೋಟಿ ಡಾಲರ್! ಗುತ್ತಿಗೆದಾರರ ಪೈಕಿ ಒಡೆಬ್ರೆಕ್ಟ್ ಎಂಬ ಕಂಪೆನಿಯಂತೂ ಲಂಚ ಹಂಚುವುದಕ್ಕೆಂದೇ ಒಂದು ಪ್ರತ್ಯೇಕ ಇಲಾಖೆಯನ್ನು ಇಟ್ಟುಕೊಂಡು, ಅದಕ್ಕೆ 'ರಚನಾಬದ್ಧ ವ್ಯವಹಾರಗಳ ವಿಭಾಗ'ವೆಂಬ ಗಂಭೀರವಾದ ಹೆಸರನ್ನೂ ಕೊಟ್ಟಿತ್ತು. ಹೆಸರಿಡುವುದರಲ್ಲಿ ಈ ಕಾಲದವರಿಗಿರುವ ಚಾತುರ್ಯ ನಮ್ಮ ಆಲಂಕಾರಿಕರಿಗೂ ಇರಲಿಲ್ಲ.

ವಾಚಕ ಮಹಾಶಯರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಳ್ಳತನವನ್ನು ಹಿಡಿದದ್ದು ಪೊಲೀಸಿನವರು; ಸುಸ್ಥಿರತೆಯ ವರದಿಯಲ್ಲ. ಕಂಪೆನಿಯ ಲೆಕ್ಕಪರೀಕ್ಷಕರು ಸಹ 2014ರ ಮೂರನೆಯ ತ್ರೈಮಾಸಿಕ ಲೆಕ್ಕಕ್ಕೆ ಸಹಿ ಹಾಕಲು ಹಿಂಜರಿದದ್ದು ಬಂಧನಗಳು ಆದ ಮೇಲೆಯೇ. 2015ರ ಏಪ್ರಿಲ್ ತಿಂಗಳಲ್ಲಿ ಕಡೆಗೂ ಲೆಕ್ಕ ಹೊರಬಂದಾಗ, ಭ್ರಷ್ಟಾಚಾರದಿಂದ ನಷ್ಟವಾದದ್ದೆಂದು ಸುಮಾರು 620 ಕೋಟಿ ರೆಯಾಲುಗಳನ್ನು ಕಂಪೆನಿಯು ತಾನೇ ಬರೆದು ತೆಗೆದುಹಾಕಿತು. ಆ ಮೊತ್ತವನ್ನು ಹೇಗೆ ಕಂಡುಹಿಡಿದರೆಂಬುದು ಸ್ವಾರಸ್ಯವಾಗಿದೆ. ಯಾವ ಯಾವ ಬಿಲ್ಲಿನಲ್ಲಿ ಎಷ್ಟು ಲಂಚ ಅಡಗಿದೆಯೆಂದು ಎಣಿಸಲು ಸಾಧ್ಯವಿಲ್ಲದ ಕಾರಣ, 2004ರಿಂದ 2012ರವರೆಗಿನ ಆ ಗುತ್ತಿಗೆದಾರರ ಗುತ್ತಿಗೆಗಳ ಒಟ್ಟು ಮೊತ್ತಕ್ಕೆ ಶೇಕಡಾ ಮೂರನ್ನು ಹಾಕಿ ಗುಣಿಸಿದರು. ಎಂದರೆ, ಎಂಟು ವರ್ಷ ತಾನು ಶುಚಿಯೆಂದು ವರದಿ ಒಪ್ಪಿಸಿದ ಸಂಸ್ಥೆಗೆ, ಕೊಳಕೆಷ್ಟೆಂದು ಕೊನೆಗೂ ಅಂದಾಜಿನ ಮೇಲೆಯೇ ಹೇಳಬೇಕಾಯಿತು. ಸೂಚ್ಯಂಕದವರು ಅದನ್ನು ತಮ್ಮ ಪಟ್ಟಿಯಿಂದ ತೆಗೆದದ್ದು 2015ರಲ್ಲಿ, ಲೋಕಕ್ಕೆಲ್ಲ ತಿಳಿದ ಮೇಲೆ. ಮನೆ ಸುಟ್ಟ ಮೇಲೆ ಬಾವಿ ತೋಡಿದರೆಂಬ ಗಾದೆಯಾದರೂ ಅಷ್ಟು ವಾಸಿ. ಇವರು ತೋಡಿದ್ದು ಬಾವಿಯೂ ಅಲ್ಲ.

ಇದನ್ನು ಹೇಳುವಾಗ ಮತ್ತೊಂದನ್ನು ಮರೆಮಾಚಬಾರದು. ಆ ತನಿಖೆ ನಡೆಸಿದವರೂ ನಿರ್ದೋಷಿಗಳಾಗಿ ಉಳಿಯಲಿಲ್ಲ. 2021ರಲ್ಲಿ ಬ್ರೆಜಿಲ್ಲಿನ ಸರ್ವೋಚ್ಚ ನ್ಯಾಯಾಲಯವು, ಮಾಜಿ ಅಧ್ಯಕ್ಷರಾಗಿದ್ದ ಲೂಲಾ ಅವರ ಮೇಲಿನ ಶಿಕ್ಷೆಗಳನ್ನು ರದ್ದುಪಡಿಸಿ, ವಿಚಾರಣೆ ನಡೆಸಿದ ನ್ಯಾಯಾಧೀಶರು ಪಕ್ಷಪಾತಿಗಳಾಗಿದ್ದರೆಂದು ತೀರ್ಪು ಕೊಟ್ಟಿತು. ಆದರೆ ಅದರಿಂದ ಕಂಪೆನಿಯ ಒಳಗಿನ ಕಳ್ಳತನ ಸುಳ್ಳಾಗುವುದಿಲ್ಲ. ಏಕೆಂದರೆ 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧಿಕಾರಿಗಳೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ತನ್ನ ಹಿರಿಯ ಅಧಿಕಾರಿಗಳು ರಾಜಕಾರಣಿಗಳಿಗೂ ಪಕ್ಷಗಳಿಗೂ ಹಣ ಸಲ್ಲುವಂತೆ ಮಾಡಿದರೆಂದು ಪೆಟ್ರೋಬ್ರಾಸ್ ತಾನೇ ಒಪ್ಪಿಕೊಂಡು, 85.32 ಕೋಟಿ ಡಾಲರ್ ದಂಡಕ್ಕೆ ಒಳಗಾಯಿತು. ಅದರಲ್ಲಿ ಶೇಕಡಾ ಎಂಬತ್ತು ಬ್ರೆಜಿಲ್ಲಿಗೇ ಸಂದಿತು. ಅದಕ್ಕೆ ಮೊದಲೇ ಷೇರುದಾರರ ವ್ಯಾಜ್ಯವನ್ನು 295 ಕೋಟಿ ಡಾಲರಿಗೆ ಇತ್ಯರ್ಥ ಮಾಡಿಕೊಂಡಿತ್ತು.

ಈಗ ಪ್ರಮಾಣದ ವಿಚಾರ. ಪಾಠಶಾಲೆಯಲ್ಲಿ ತರ್ಕವನ್ನು ಓದಿದವರಿಗೆ ಶಬ್ದಪ್ರಮಾಣವೆಂದರೆ ಆಪ್ತನಾದವನ ಮಾತೆಂಬುದು ಗೊತ್ತೇ ಇದೆ. ಆಪ್ತನೆಂದರೆ ತಿಳಿದವನಾಗಿರಬೇಕು, ವಂಚಿಸುವ ಇಚ್ಛೆಯಿಲ್ಲದವನಾಗಿರಬೇಕು. ತನ್ನ ವಿಷಯವನ್ನೇ ಹೇಳಿಕೊಳ್ಳುವ ಕಂಪೆನಿಗೆ ತಿಳಿವಳಿಕೆಯೇನೋ ಉಂಟು. ಎರಡನೆಯ ಲಕ್ಷಣವು ಇದೆಯೆಂದು ಹೇಳುವುದು ಹೇಗೆ? ಇದು ಹಾಗಿರಲಿ. ವರದಿಗಳಲ್ಲಿ ಲಂಚದ ಅಂಕಣದ ಕೆಳಗೆ ಸಾಮಾನ್ಯವಾಗಿ ಕಂಡುಬರುವುದು 'ಇಲ್ಲ' ಎಂಬ ಒಂದು ಶಬ್ದ. ಈ 'ಇಲ್ಲ'ದ ಬೆಲೆಯೇನು? ಒಂದು ವಸ್ತುವು ಕಾಣದಿರುವುದರಿಂದ ಅದರ ಅಭಾವವು ಸಿದ್ಧವಾಗಬೇಕಾದರೆ, ಅದು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆ ಇರಬೇಕು. ಹಗಲಿನ ಬೆಳಕಿನಲ್ಲಿ ಬರಿಯ ನೆಲವನ್ನು ನೋಡಿ 'ಇಲ್ಲಿ ಗಡಿಗೆ ಇಲ್ಲ' ಎನ್ನಬಹುದು. ಕತ್ತಲೆಯ ಕೋಣೆಯ ಬಾಗಿಲಲ್ಲಿ ನಿಂತು ಅದೇ ಮಾತನ್ನು ಹೇಳುವವನನ್ನು ವಿದ್ಯಾರ್ಥಿಗಳು ಸಹ ನಗುತ್ತಾರೆ. ದೀಪ ಹಚ್ಚದೆ ಹೇಳಿದ 'ಇಲ್ಲ'ವನ್ನು ಮುದ್ರಿಸಿ, ನುಣುಪು ಕಾಗದದ ಮೇಲೆ, ಹಸಿರು ಬಣ್ಣದ ಚೌಕಟ್ಟಿನೊಳಗೆ ಇಟ್ಟರೆ ಅದು ಪ್ರಮಾಣವಾದೀತೇ?

ನಮ್ಮ ದೇಶದ ಪದ್ಧತಿಯನ್ನೂ ನೋಡೋಣ. ಸೆಬಿ ಸಂಸ್ಥೆಯವರು 2021ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಷೇರುಪೇಟೆಯಲ್ಲಿ ಮೌಲ್ಯದಿಂದ ಮೊದಲಿನ ಸಾವಿರ ಕಂಪೆನಿಗಳು 2022-23ರ ವರ್ಷದಿಂದ ವ್ಯಾಪಾರದ ಹೊಣೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯವಾಗಿ ಒಪ್ಪಿಸತಕ್ಕದ್ದು. ಅದರಲ್ಲಿ ಒಂಬತ್ತು ತತ್ತ್ವಗಳು; ಮೊದಲನೆಯದೇ ಪ್ರಾಮಾಣಿಕತೆ. ಬಹಳ ಸಂತೋಷ. ಅದರ ಅಡಿಯಲ್ಲಿ ಕೇಳಿರುವುದೇನೆಂದರೆ, ಎಷ್ಟು ಜನಕ್ಕೆ ಈ ತತ್ತ್ವಗಳ ವಿಷಯದಲ್ಲಿ ತರಬೇತಿ ಕೊಟ್ಟಿರಿ, ಶೇಕಡಾವಾರು ಹೇಳಿ. ಲಂಚನಿರೋಧದ ನೀತಿ ಇದೆಯೇ, ಇದ್ದರೆ ಸಂಕ್ಷೇಪವಾಗಿ ತಿಳಿಸಿ. ಲಂಚದ ಆರೋಪಕ್ಕಾಗಿ ಕಾನೂನು ಜಾರಿಮಾಡುವ ಅಧಿಕಾರಿಗಳು ನಿಮ್ಮವರಲ್ಲಿ ಎಷ್ಟು ಮಂದಿಯ ಮೇಲೆ ಕ್ರಮ ತೆಗೆದುಕೊಂಡರು. ಈ ಕಡೆಯ ಪ್ರಶ್ನೆಯನ್ನು ಎರಡು ಸಲ ಓದಬೇಕು. ಕಂಪೆನಿಯು ತಾನಾಗಿ ಕಂಡುಹಿಡಿದದ್ದನ್ನು ಅದು ಕೇಳುವುದಿಲ್ಲ. ಪೊಲೀಸಿನವರು ಬಂದು ಹಿಡಿದದ್ದನ್ನು ಕೇಳುತ್ತದೆ. ಅದು ಮಾರನೆಯ ದಿನದ ಪತ್ರಿಕೆಯಲ್ಲಿಯೇ ಬಂದಿರುತ್ತದಲ್ಲ! ಈ ಲೆಕ್ಕದಲ್ಲಿ ಪೆಟ್ರೋಬ್ರಾಸ್ 2013ರಲ್ಲಿ ಭರ್ತಿ ಮಾಡಿದ್ದರೆ ನಿರಾತಂಕವಾಗಿ 'ಇಲ್ಲ' ಎಂದು ಬರೆಯಬಹುದಾಗಿತ್ತು. ಜಿ.ಆರ್.ಐ. ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಭ್ರಷ್ಟಾಚಾರ ನಿಗ್ರಹದ ಮಾನದಂಡವು ಇದಕ್ಕಿಂತ ಸ್ವಲ್ಪ ವಾಸಿ. ಆದರೆ ಅದೂ ಅಪಾಯದ ಪರಿಶೀಲನೆ, ತರಬೇತಿ, ದೃಢಪಟ್ಟ ಪ್ರಕರಣಗಳು ಎಂಬ ಮೂರೇ ಕಂಬಗಳ ಮೇಲೆ ನಿಂತಿದೆ.

ತರಬೇತಿಯ ವಿಷಯದಲ್ಲಿ ಮಾಸ್ತರನಾದವನಿಗೆ ಮಾತಾಡುವ ಅಧಿಕಾರವಿದೆಯೆಂದು ಭಾವಿಸಿದ್ದೇನೆ. ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಎರಡು ಬೀರು ತುಂಬ ಪುಸ್ತಕಗಳಿದ್ದುವು. ಬೀಗದ ಕೈ ಮುಖ್ಯೋಪಾಧ್ಯಾಯರಲ್ಲಿ. ತನಿಖಾಧಿಕಾರಿಗಳು ಬರುತ್ತಾರೆಂದು ತಿಳಿದ ಹಿಂದಿನ ಸಂಜೆ, ಮಕ್ಕಳಿಗೆ ಪುಸ್ತಕ ಕೊಟ್ಟ ರಿಜಿಸ್ಟರು ಬರಿದಾಗಿದೆಯೆಂಬುದು ನೆನಪಿಗೆ ಬಂತು. ಮುಖ್ಯೋಪಾಧ್ಯಾಯರ ಅಪ್ಪಣೆಯಂತೆ ನಾನೇ ಕುಳಿತು, ಎರಡು ಬಗೆಯ ಶಾಯಿಯಲ್ಲಿ, ವರ್ಷದ ಪುಸ್ತಕ ವಿತರಣೆಯನ್ನೆಲ್ಲ ರಾತ್ರಿ ಹನ್ನೊಂದರವರೆಗೆ ಬರೆದೆ. ಮಾರನೆಯ ದಿನ ಅಧಿಕಾರಿಗಳು ಪುಟ ತಿರುವಿ, ಜಿಲ್ಲೆಯಲ್ಲಿ ಇಷ್ಟು ಅಚ್ಚುಕಟ್ಟಾದ ರಿಜಿಸ್ಟರನ್ನು ಕಂಡಿಲ್ಲವೆಂದು ಷರಾ ಬರೆದರು. ಬೀರು ತೆಗೆದು ಒಂದು ಪುಸ್ತಕವನ್ನು ಕೈಗೆತ್ತಿಕೊಂಡಿದ್ದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುವುದು ಗೊತ್ತಾಗುತ್ತಿತ್ತು. ಒಬ್ಬ ಹುಡುಗನನ್ನು ಕರೆದು 'ನೀನು ಓದಿದ ಪುಸ್ತಕದಲ್ಲಿ ಏನಿದೆ?' ಎಂದು ಕೇಳಿದ್ದರೂ ಸಾಕಾಗಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಷರಾ ನೆನಪಾದಾಗಲೆಲ್ಲ ನನಗೆ ಈಗಲೂ ನಾಚಿಕೆಯಾಗುತ್ತದೆ. ನೂರಕ್ಕೆ ತೊಂಬತ್ತೆಂಟು ಮಂದಿ ನೌಕರರಿಗೆ ಲಂಚನಿರೋಧದ ತರಬೇತಿಯಾಗಿದೆ ಎಂಬ ವಾಕ್ಯವನ್ನು ಯಾವ ವರದಿಯಲ್ಲಿ ಓದಿದರೂ ನನ್ನ ಆ ಎರಡು ಬಗೆಯ ಶಾಯಿ ಕಣ್ಣಮುಂದೆ ಬರುತ್ತದೆ.

ಅಳತೆಗೆ ಸುಲಭವಾದದ್ದನ್ನು ಅಳೆದು, ಅಳೆಯಬೇಕಾದದ್ದನ್ನು ಬಿಡುವ ಈ ರೋಗವು ಲಂಚದ ಲೆಕ್ಕಕ್ಕೆ ಮಾತ್ರ ಸೇರಿದ್ದಲ್ಲ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಎಣ್ಣೆಬಾವಿ ತೋಡುವ 'ಡೀಪ್‌ವಾಟರ್ ಹೊರೈಜ಼ನ್' ಎಂಬ ತೇಲುಕಟ್ಟೆ ಸ್ಫೋಟವಾಗಿ ಹನ್ನೊಂದು ಜನ ಸತ್ತರು. ಅವರಲ್ಲಿ ಒಂಬತ್ತು ಮಂದಿ ಟ್ರಾನ್ಸೋಷನ್ ಎಂಬ ಕಂಪೆನಿಯ ನೌಕರರು. ಮುಂದಿನ ವರ್ಷ ಅದೇ ಕಂಪೆನಿಯು ಷೇರುದಾರರಿಗೆ ಸಲ್ಲಿಸಿದ ಪತ್ರದಲ್ಲಿ, ಅಪಘಾತಗಳ ಅಂಕಿಅಂಶದ ದೃಷ್ಟಿಯಿಂದ 2010 ತನ್ನ ಚರಿತ್ರೆಯಲ್ಲಿಯೇ ಸುರಕ್ಷತೆಗೆ ಅತ್ಯುತ್ತಮವಾದ ವರ್ಷವೆಂದು ಬರೆದು, ಆ ಲೆಕ್ಕದ ಮೇಲೆ ದೊಡ್ಡ ಅಧಿಕಾರಿಗಳಿಗೆ ಬಹುಮಾನವನ್ನೂ ಹಂಚಿತ್ತು. ಜನ ಉಗಿದ ಮೇಲೆ ಆ ಅಧಿಕಾರಿಗಳು ಬಹುಮಾನದ ಹಣವನ್ನು ಸತ್ತವರ ಕುಟುಂಬಗಳ ನಿಧಿಗೆ ಕೊಟ್ಟರು. ಸೂತ್ರದ ಪ್ರಕಾರ ಗುಣಿಸಿದರೆ ಅಂಕಿಯಲ್ಲಿ ತಪ್ಪಿರಲಿಲ್ಲವೆಂಬುದೇ ಇಲ್ಲಿ ಭಯಂಕರವಾದ ಅಂಶ.

ಮಿತ್ರರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ವರದಿಯೇ ಇಲ್ಲದಿದ್ದ ಕಾಲದಲ್ಲಿ ಲಂಚವಿರಲಿಲ್ಲವೇ? ಬರೆದಿಟ್ಟ ಪ್ರತಿಜ್ಞೆಯಾದರೂ ಒಂದು ಇದ್ದರೆ, ಮುರಿದಾಗ ತೋರಿಸಿ ಕೇಳಬಹುದಲ್ಲ? ಈ ಪೂರ್ವಪಕ್ಷದಲ್ಲಿ ಸತ್ಯಾಂಶವಿದೆ, ಒಪ್ಪುತ್ತೇನೆ. ಬರೆದ ಸುಳ್ಳನ್ನು ಹಿಡಿಯಬಹುದು, ಆಡಿದ ಸುಳ್ಳು ಗಾಳಿಗೆ ಹೋಗುತ್ತದೆ. ಪೆಟ್ರೋಬ್ರಾಸ್ ಅಮೆರಿಕದಲ್ಲಿ ಸಿಕ್ಕಿಬಿದ್ದದ್ದು ಕೂಡ 2010ರಲ್ಲಿ ಷೇರು ಮಾರುವಾಗ ಕೊಟ್ಟ ಬರವಣಿಗೆಯು ಹೂಡಿಕೆದಾರರನ್ನು ತಪ್ಪುದಾರಿಗೆ ಎಳೆಯಿತೆಂಬ ಕಾರಣದಿಂದ. ಆದರೆ ಆ ಬರವಣಿಗೆ ಶಾಸನದ ಬಲವುಳ್ಳ ಹಣದ ಲೆಕ್ಕವಾಗಿತ್ತು, ಸುಳ್ಳಾದರೆ ದಂಡವಿತ್ತು. ಬರಿಯ ಪ್ರತಿಜ್ಞೆಯ ಗತಿಯೇನೆಂಬುದನ್ನು ನೋಡಬೇಕಾದರೆ ಎನ್ರಾನ್ ಕಂಪೆನಿಯನ್ನು ನೆನೆಯಬೇಕು. 2000ದ ಜುಲೈ ತಿಂಗಳಿನ ಅದರ ನೀತಿಸಂಹಿತೆ 64 ಪುಟಗಳದ್ದು. ಗೌರವ, ಋಜುತ್ವ, ಸಂವಾದ, ಉತ್ಕೃಷ್ಟತೆ ಎಂಬ ನಾಲ್ಕು ಮೌಲ್ಯಗಳನ್ನು ಕಂಪೆನಿ ಎಲ್ಲೆಲ್ಲೂ ಸಾರುತ್ತಿತ್ತು. ಅದೇ ಕಂಪೆನಿಯ ಆಡಳಿತ ಮಂಡಳಿ 1999ರಲ್ಲಿ, ತನ್ನ ಹಣಕಾಸಿನ ಮುಖ್ಯಾಧಿಕಾರಿಯು ಕಂಪೆನಿಯೊಡನೆಯೇ ವ್ಯಾಪಾರ ಮಾಡುವ ಪಾಲುದಾರಿಕೆಗಳನ್ನು ಸ್ವಂತವಾಗಿ ನಡೆಸಲೆಂದು ನೀತಿಸಂಹಿತೆಯ ನಿಯಮವನ್ನು ಬದಿಗಿಟ್ಟು ಅನುಮತಿ ಕೊಟ್ಟಿತ್ತು. 2001ರ ಡಿಸೆಂಬರ್ 2ರಂದು ಕಂಪೆನಿ ದಿವಾಳಿಯಾಯಿತು.

ಎನ್ರಾನ್ ಎಂದಾಗ ನಮ್ಮ ನೆರೆಯ ರತ್ನಾಗಿರಿ ಜಿಲ್ಲೆಯ ದಾಭೋಳದ ವಿದ್ಯುತ್ ಸ್ಥಾವರವು ಹಿರಿಯರ ನೆನಪಿಗೆ ಬರಬಹುದು. 1995ರಲ್ಲಿ ಆ ಕಂಪೆನಿಯ ಅಧಿಕಾರಿಯೊಬ್ಬರು ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಯ ಮುಂದೆ, ಆ ಯೋಜನೆಯ 'ಶಿಕ್ಷಣ ಮತ್ತು ಅಭಿವೃದ್ಧಿ'ಗೆಂದು ಸುಮಾರು 2 ಕೋಟಿ ಡಾಲರ್ ವೆಚ್ಚ ಮಾಡಿದೆವೆಂದು ಹೇಳಿದರು. ಅದು ಲಂಚವೆಂದು ಇಲ್ಲಿ ದೊಡ್ಡ ಗುಲ್ಲೆದ್ದಿತು, ಕಂಪೆನಿ ನಿರಾಕರಿಸಿತು, ಯಾವ ನ್ಯಾಯಾಲಯದಲ್ಲಿಯೂ ಅದು ಸಿದ್ಧವಾಗಲಿಲ್ಲ. ಸಿದ್ಧವಾಗದ್ದನ್ನು ನಾನು ಆರೋಪಿಸುವುದಿಲ್ಲ. ಜೀವಮಾನವೆಲ್ಲ ಶಿಕ್ಷಣದಲ್ಲಿಯೇ ಕಳೆದವನಾಗಿ, ಅಷ್ಟು ಹಣದಲ್ಲಿ ಯಾರಿಗೆ ಯಾವ ಪಾಠ ಹೇಳಿದರೆಂಬ ಪಟ್ಟಿಯನ್ನು ನೋಡುವ ಆಸೆ ಮಾತ್ರ ನನಗೆ ಉಳಿದಿದೆ.

ಹಾಗಾದರೆ ಬೇಕಾದದ್ದೇನು? ನಮ್ಮ ಹಿರಿಯರು ಮನುಷ್ಯಸ್ವಭಾವವನ್ನು ಇಷ್ಟು ಮೃದುವಾಗಿ ಕಂಡವರಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜದ್ರವ್ಯವನ್ನು ಅಪಹರಿಸುವ ಉಪಾಯಗಳನ್ನು ನಲವತ್ತು ಬಗೆಯಾಗಿ ಎಣಿಸಲಾಗಿದೆ. ಆಷಾಢಮಾಸದಲ್ಲಿ ಲೆಕ್ಕವನ್ನು ತರುವ ಅಧಿಕಾರಿಗಳು ಮುದ್ರೆ ಹಾಕಿದ ಪುಸ್ತಕಗಳೊಡನೆ ಬರತಕ್ಕದ್ದು. ಬಂದವರು ಒಬ್ಬರೊಡನೊಬ್ಬರು ಮಾತಾಡದಂತೆ ತಡೆಯತಕ್ಕದ್ದು. ಈಗಿನ ವರದಿಗಾದರೋ ಎಲ್ಲ ಇಲಾಖೆಯವರೂ ಒಂದೇ ಮೇಜಿನ ಸುತ್ತ ಕುಳಿತು, ಸಂಬಳದ ಸಲಹೆಗಾರನನ್ನು ನಡುವೆ ಕೂರಿಸಿಕೊಂಡು, ಮಾತು ಮಾತಿಗೆ ಹೊಂದುವಂತೆ ಬರೆಯುತ್ತಾರೆ. ಅಪಹಾರವನ್ನು ತಿಳಿಸಿ ಸಾಧಿಸಿದವನಿಗೆ ಅದರ ಆರನೆಯ ಒಂದು ಪಾಲನ್ನು ಕೊಡತಕ್ಕದ್ದೆಂದೂ ಕೌಟಿಲ್ಯನು ವಿಧಿಸಿದ್ದಾನೆ. ಅಮೆರಿಕದವರು 2010ರ ಶಾಸನದಲ್ಲಿ ದಂಡದ ಹಣದ ಶೇಕಡಾ ಹತ್ತರಿಂದ ಮೂವತ್ತರವರೆಗೆ ಸುಳಿವು ಕೊಟ್ಟವನಿಗೆ ಸಲ್ಲಿಸುವ ಏರ್ಪಾಡು ಮಾಡಿದ್ದಾರೆ. ನಮ್ಮ ವರದಿಗಳಲ್ಲಿ ದೂರುಪೆಟ್ಟಿಗೆಯ ಚಿತ್ರವಿರುತ್ತದೆ. ದೂರು ಕೊಟ್ಟವನ ಕೆಲಸ ಉಳಿಯಿತೇ ಎಂಬುದು ಇರುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಕಂಪೆನಿಯು ಕೊಟ್ಟ ದೊಡ್ಡ ಗುತ್ತಿಗೆಗಳನ್ನು ಒಂದೊಂದಾಗಿ ಬರೆಯಲಿ: ಮೊದಲಿನ ಅಂದಾಜು ಎಷ್ಟು, ಟೆಂಡರಿನಲ್ಲಿ ನಿಂತವರೆಷ್ಟು ಮಂದಿ, ಕೊನೆಗೆ ಸಂದಾಯವಾದದ್ದೆಷ್ಟು. ಬ್ರೆಜಿಲ್ಲಿನ ಅಬ್ರೆಯು ಎ ಲಿಮಾ ಎಂಬ ಎಣ್ಣೆಶುದ್ಧಿಯ ಕಾರ್ಖಾನೆ ಮೊದಲು ಸುಮಾರು 250 ಕೋಟಿ ಡಾಲರಿನೊಳಗೆ ಮುಗಿಯತಕ್ಕದ್ದಾಗಿತ್ತು, ಕೊನೆಗೆ 1800 ಕೋಟಿಯನ್ನು ಮೀರಿತು. ಈ ಎರಡು ಅಂಕಿಗಳನ್ನು ವರ್ಷ ವರ್ಷವೂ ಪಕ್ಕ ಪಕ್ಕದಲ್ಲಿ ಮುದ್ರಿಸಿದ್ದರೆ, ನೀತಿಸಂಹಿತೆಯನ್ನು ಓದದ ದಿನಸಿ ಅಂಗಡಿಯವನೂ ಇದರಲ್ಲಿ ಏನೋ ಇದೆಯೆಂದು ಮೂಗಿನ ಮೇಲೆ ಬೆರಳಿಡುತ್ತಿದ್ದನು. ಎರಡನೆಯದಾಗಿ, ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿರೆಂಬುದನ್ನು ಹೇಳಲಿ. 2017ರ ಹಣಕಾಸು ಶಾಸನದಿಂದ ನಮ್ಮಲ್ಲಿ ಕಂಪೆನಿಗಳಿಗೆ ಪಕ್ಷದ ಹೆಸರನ್ನು ಹೇಳದೆ ಎಷ್ಟು ಬೇಕಾದರೂ ಕೊಡುವ ಅವಕಾಶವಾಗಿತ್ತು. ಲಾಭದ ಶೇಕಡಾ ಏಳೂವರೆಯೆಂಬ ಮಿತಿಯನ್ನೂ ತೆಗೆದಿದ್ದರು. ಹೀಗೆ ಗುಟ್ಟಾಗಿ ಕೊಡುವ ಹಕ್ಕನ್ನು ಇಟ್ಟುಕೊಂಡೇ ಪಾರದರ್ಶಕತೆಯ ತತ್ತ್ವದ ಕೆಳಗೆ ಪುಟಗಟ್ಟಲೆ ಬರೆಯಬಹುದಾಗಿತ್ತು, ಯಾವ ಅಂಕಣವೂ ಅದನ್ನು ವಿರೋಧವೆಂದು ಎಣಿಸಲಿಲ್ಲ. 2024ರ ಫೆಬ್ರವರಿ 15ರಂದು ಆ ಅವಕಾಶವನ್ನು ತೊಡೆದು ಹಾಕಿದ್ದು ಸರ್ವೋಚ್ಚ ನ್ಯಾಯಾಲಯ.

ಇದೆಲ್ಲ ಶ್ರೀಮಂತರ ವ್ಯವಹಾರ, ನಮಗೇಕೆ ಎನ್ನಬಾರದು. ನಮ್ಮ ಮನೆಗಳಲ್ಲಿಯೂ ನಿವೃತ್ತಿಯ ಹಣ, ಮಗಳ ಮದುವೆಯ ಹಣ ಮ್ಯೂಚುವಲ್ ಫಂಡುಗಳ ಮೂಲಕ ಇಂಥಾ ಕಂಪೆನಿಗಳಲ್ಲಿಯೇ ಇದೆ. ಲಂಚದ ಆ ಶೇಕಡಾ ಮೂರು ಕಡೆಗೆ ಬಂದು ಬೀಳುವುದು ದೀಪದ ಬಿಲ್ಲಿನ ಮೇಲೆಯೇ. ನನ್ನ ಸೋದರಳಿಯನ ಹೆಸರಿನಲ್ಲಿ ಒಂದು ವಿದ್ಯುತ್ ಕಂಪೆನಿಯ ಕೆಲವು ಷೇರುಗಳಿವೆ. ಅವನ ಮನೆಗೆ ಬಂದ ವರದಿಯನ್ನು ನಾನು ಎರಡು ದಿನ ಕುಳಿತು ಓದಿದೆ. ಸಸಿ ನೆಡುವ ಚಿತ್ರಗಳಿಗೆ ಆರು ಪುಟ, ಲಂಚಕ್ಕೆ ಅರ್ಧ ಪುಟ. ಮೇಲೆ ಹೇಳಿದ ಗುತ್ತಿಗೆಯ ಮೂರು ಅಂಕಣಗಳನ್ನು ಕೇಳಿ ಅವನಿಂದ ಒಂದು ಕಾಗದ ಬರೆಯಿಸಿದೆ. ಏಳು ವಾರದ ಮೇಲೆ ಉತ್ತರ ಬಂತು. ಷೇರುದಾರರ ಆಸಕ್ತಿಗಾಗಿ ಕಂಪೆನಿಯು ವಂದನೆಗಳನ್ನು ಅರ್ಪಿಸಿ, ತಾವು ಕೇಳಿದ ವಿವರಗಳಿಗೆ ದಯಮಾಡಿ ಸುಸ್ಥಿರತೆಯ ವರದಿಯನ್ನು ನೋಡಬೇಕೆಂದು ತಿಳಿಸಿ, ಅದೇ ವರದಿಯ ಇನ್ನೊಂದು ಪ್ರತಿಯನ್ನು ಲಗತ್ತಿಸಿತ್ತು.